ಅಕಾಲಮೃತ್ಯುವಿನ ಎರಡು ದಾರಿಗಳು

(ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡಿದಾಗ ಅರ್ಚಕರು ಹೇಳುವ ಮಂತ್ರದಲ್ಲಿ ಎರಡು ಬೇಡಿಕೆಗಳಿವೆ. ಅಕಾಲದಲ್ಲಿ ಮರಣ ಬಾರದಿರಲಿ ಎಂಬುದು ಒಂದು. ವ್ಯಾಧಿಗಳು ದೂರವಾಗಲಿ ಎಂಬುದು ಇನ್ನೊಂದು. ಮರಣವೇ ಬೇಡವೆಂದು ಆ ಮಂತ್ರ ಕೇಳುವುದಿಲ್ಲ. ಹುಟ್ಟಿದವನಿಗೆ ಸಾವು ತಪ್ಪದೆಂದು ಬಲ್ಲ ಹಿರಿಯರು, ಕಾಲ ತುಂಬುವ ಮೊದಲೇ ಬರುವ ಸಾವನ್ನು ಮಾತ್ರ ತಪ್ಪಿಸೆಂದು ಬೇಡಿಕೊಂಡರು. ಧರ್ಮ ಸಾಧನೆಗೆ ಮೊದಲ ಉಪಕರಣ ಶರೀರವೇ ಆದುದರಿಂದ ಈ ಬೇಡಿಕೆ ಸ್ವಾರ್ಥದ್ದೂ ಅಲ್ಲ.

ಕಾಸರಗೋಡು ಸೀಮೆಯ ಮಟ್ಟಿಗೆ ಅಕಾಲಮೃತ್ಯು ಎರಡು ದಾರಿಗಳಲ್ಲಿ ನಡೆದು ಬಂದಿದೆ. ಒಂದು ದಾರಿ ಹೊರಗಿನಿಂದ ಬಂದದ್ದು. ಅದನ್ನು ತೆರೆದವರು ಬೇರೆಯವರು, ನೋವುಂಡವರು ಈ ಮಣ್ಣಿನ ಜನ. ಇನ್ನೊಂದು ದಾರಿಯನ್ನು ಜನರು ತಾವೇ ತೆರೆದಿಟ್ಟುಕೊಂಡಿದ್ದಾರೆ. ಮೊದಲನೆಯದರ ಬಗ್ಗೆ ಲೋಕವೆಲ್ಲ ಮಾತನಾಡಿತು. ಎರಡನೆಯದರ ಬಗ್ಗೆ ಮನೆಯೊಳಗೂ ಮಾತಿಲ್ಲ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಇಂದಿನ ಉಪನ್ಯಾಸದ ಉದ್ದೇಶ.

ಮೊದಲನೆಯದು ಎಂಡೋಸಲ್ಫಾನ್. ಜಿಲ್ಲೆಯ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳು ಸುಮಾರು 4,700 ಹೆಕ್ಟೇರುಗಳಷ್ಟು ಹಬ್ಬಿದ್ದವು. ಗೇರು ಚಿಗುರಿ ಹೂ ಬಿಡುವ ಕಾಲದಲ್ಲಿ ಅದರ ರಸ ಹೀರುವ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು, 1970ರ ದಶಕದ ಕೊನೆಯಿಂದ 2000ದ ವರೆಗೆ ಈ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ವರ್ಷಕ್ಕೆ ಎರಡು ಮೂರು ಸಲದಂತೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇದು ನಡೆಯಿತು.

ಈ ಸೀಮೆಯ ನೆಲದ ಗುಣವನ್ನು ಅರಿತವರಿಗೆ ಮುಂದಿನದು ತಾನಾಗಿ ತಿಳಿಯುತ್ತದೆ. ತೋಟವಿರುವುದು ಗುಡ್ಡದ ನೆತ್ತಿಯಲ್ಲಿ, ಮನೆ ಅಂಗಳಗಳಿರುವುದು ಕಣಿವೆಯಲ್ಲಿ. ನೆತ್ತಿಯ ಮೇಲೆ ಬಿದ್ದದ್ದು ಮಳೆಗೆ ತೊಳೆದು ತೋಡಿಗೆ, ತೋಡಿನಿಂದ ಗದ್ದೆ ಬಯಲಿಗೆ ಇಳಿಯುತ್ತದೆ. ಸಿಂಪಡಿಸುವ ದಿನ ಬಾವಿಗಳನ್ನು ಮುಚ್ಚಿಡಿ ಎಂಬ ಸೂಚನೆ ಇತ್ತಂತೆ. ಬಾವಿಗೆ ಮಡಲು ಮುಚ್ಚಬಹುದು. ಗುಡ್ಡವನ್ನು ಕೊರೆದು ತೆಗೆದ ಸುರಂಗದ ನೀರಿಗೆ, ಹರಿಯುವ ತೋಡಿಗೆ, ಮದಕಕ್ಕೆ ಏನನ್ನು ಮುಚ್ಚುವುದು? ನೀರು ಕಾಯಲು ಸುರಂಗ ತೋಡಿದ ಹಿರಿಯರು ಆಕಾಶದಿಂದ ವಿಷ ಬಿದ್ದೀತೆಂದು ಎಣಿಸಿರಲಿಲ್ಲ.

ಮೊದಲು ಸೂಚನೆ ಕೊಟ್ಟವು ಮೂಕ ಜೀವಿಗಳು. ಜೇನುನೊಣಗಳು ಕಾಣೆಯಾದವು, ಮೀನು ಕಪ್ಪೆಗಳು ಸತ್ತು ತೇಲಿದವು. 1979ರ ಹೊತ್ತಿಗೆ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದು ಗಮನಕ್ಕೆ ಬಂತು. ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಇದರ ಬಗ್ಗೆ ಬರೆದು ಎಚ್ಚರಿಸಿದರು. ಕೇಳುವ ಕಿವಿಗಳು ಆಗ ಇರಲಿಲ್ಲ. 1982ರಲ್ಲಿ ವಾಣೀನಗರಕ್ಕೆ ಬಂದು ವೈದ್ಯವೃತ್ತಿ ಆರಂಭಿಸಿದ ಡಾ. ವೈ. ಎಸ್. ಮೋಹನ ಕುಮಾರ್ ಅವರಿಗೆ, ಸಣ್ಣದೊಂದು ಪ್ರದೇಶದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟು ಅಂಗವೈಕಲ್ಯ, ಮಾನಸಿಕ ಕಾಯಿಲೆಗಳು ಇಷ್ಟೊಂದು ಏಕಿವೆ ಎಂಬ ಸಂಶಯ ಮೂಡಿತು. ಊರವರಲ್ಲಿ ಇದನ್ನು ಜಟಾಧಾರಿ ದೈವದ ಮುನಿಸೆಂದು ನಂಬಿದವರಿದ್ದರು. ವೈದ್ಯರು ಆ ನಂಬಿಕೆಯನ್ನು ಗೇಲಿ ಮಾಡಲಿಲ್ಲ. ಮನೆ ಮನೆಯ ಲೆಕ್ಕ ಇಟ್ಟರು, ನೀರಿನ ದಾರಿಯನ್ನು ಹುಡುಕಿದರು. ದೈವದ ಮೇಲೆ ಬಿದ್ದಿದ್ದ ಅಪವಾದ ಹೀಗೆ ಕಳೆಯಿತು. ಮನುಷ್ಯ ಮಾಡಿದ ತಪ್ಪಿಗೆ ದೈವವನ್ನು ಹೊಣೆ ಮಾಡುವುದೂ ಒಂದು ಬಗೆಯ ಅಪಚಾರವೇ ಅಲ್ಲವೇ?

ದಕ್ಷಿಣಕ್ಕೆ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗೇರು ಗುಡ್ಡದ ತಪ್ಪಲಿನ 117 ಶಾಲಾ ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಡನೆ ಹೋಲಿಸಿ, ತಪ್ಪಲಿನ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದರು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಲೋಕದಿಂದಲೇ ತೊಲಗಿಸುವ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಭಾರತದ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರ ಜನವರಿ 10ರಂದು ಆಜ್ಞೆ ಮಾಡಿದ ನ್ಯಾಯಾಲಯ, ವಿಳಂಬವಾಯಿತೆಂದು 2022ರಲ್ಲಿಯೂ ಸರ್ಕಾರವನ್ನು ಆಕ್ಷೇಪಿಸಬೇಕಾಯಿತು. ಸರ್ಕಾರದ ಪಟ್ಟಿಯಲ್ಲಿ ಸೇರಿದ ಬಾಧಿತರ ಸಂಖ್ಯೆ 6,000 ದಾಟಿದೆ. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕ, ಮುಳಿಯಾರು ಮುಂತಾದ ಪಂಚಾಯತುಗಳಲ್ಲಿ, ಮಗನಿಗೋ ಮಗಳಿಗೋ ಮೂವತ್ತು ನಲವತ್ತು ತುಂಬಿದರೂ ತುತ್ತು ಉಣಿಸುತ್ತಿರುವ ತಾಯಂದಿರು ಇದ್ದಾರೆ. ತನ್ನ ನಂತರ ಯಾರು ಎಂಬುದೊಂದೇ ಅವರ ಪ್ರಶ್ನೆ.

ಇಲ್ಲಿ ಒಂದು ಮಾತನ್ನು ನಿಷ್ಠೆಯಿಂದ ಹೇಳಬೇಕು. ಈ ವಿಷ ನರಮಂಡಲಕ್ಕೆ, ಗರ್ಭಕ್ಕೆ, ಬೆಳೆಯುವ ಮಕ್ಕಳಿಗೆ ಅಪಾಯಕಾರಿ ಎಂಬುದಕ್ಕೆ ಬಲವಾದ ಕಾರಣಗಳಿವೆ. ಆದರೆ ಅರ್ಬುದ ರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಇದೇ ಕಾರಣವೆಂದು ಅಷ್ಟೇ ದೃಢವಾಗಿ ವಿಜ್ಞಾನ ಹೇಳಿಲ್ಲ. ಹೀಗಿದ್ದರೂ ಜಿಲ್ಲೆಯಲ್ಲಿ ಯಾರಿಗೇ ಕ್ಯಾನ್ಸರ್ ಬಂದರೂ ‘ಎಲ್ಲ ಆ ಮದ್ದಿನ ಫಲ’ ಎಂದು ನಿಟ್ಟುಸಿರು ಬಿಡುವುದು ರೂಢಿಯಾಗಿದೆ. ಅನ್ಯಾಯವಾದವರಿಗೆ ಹಾಗನ್ನಿಸುವುದು ಸಹಜ. ಅಪಾಯವಿರುವುದು ನಿಟ್ಟುಸಿರು ಬಿಟ್ಟ ಮೇಲೆ ಸೊಂಟದ ಸಂಚಿಯನ್ನು ಬಿಚ್ಚಿ ಹೊಗೆಸೊಪ್ಪು ತೆಗೆಯುವಲ್ಲಿ.

ಇದೇ ಕೇರಳದ ದಕ್ಷಿಣ ಭಾಗದಲ್ಲಿ, ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿಯಲ್ಲಿ, ಇದಕ್ಕೊಂದು ನಿದರ್ಶನವಿದೆ. ಅಲ್ಲಿಯ ಕಡಲ ಕಿನಾರೆಯ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಎಂಬ ಖನಿಜವಿದ್ದು, ನೆಲದಿಂದಲೇ ವಿಕಿರಣ ಹೊಮ್ಮುತ್ತದೆ. ಇದರಿಂದ ಕ್ಯಾನ್ಸರ್ ಹೆಚ್ಚುತ್ತದೆಯೇ ಎಂಬ ಭಯ ಸಹಜವಾಗಿತ್ತು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಸುಮಾರು 70,000 ಜನರನ್ನು ಸರಾಸರಿ ಹತ್ತು ವರ್ಷಗಳಿಗೂ ಮೀರಿ ಗಮನಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಳಿನ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಅದೇ ಊರಿನ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಸ್ಪಷ್ಟವಾಗಿ ಕಾರಣವಾಗಿದ್ದು ಬೀಡಿ. ಕಾಲಡಿಯ ಮರಳಿಗೆ ಹೆದರಿದವರು ಬೆರಳ ನಡುವಿನ ಬೀಡಿಗೆ ಹೆದರಿರಲಿಲ್ಲ.

ಹಾಗಾದರೆ ಎರಡನೆಯ ದಾರಿಯತ್ತ ಬರೋಣ. ತಾಂಬೂಲವೆಂದರೆ ಈ ನಾಡಿನಲ್ಲಿ ಬರೀ ಎಲೆ ಅಡಿಕೆಯಲ್ಲ. ನಿಶ್ಚಿತಾರ್ಥಕ್ಕೆ, ದಕ್ಷಿಣೆಗೆ, ದೈವದ ಮುಂದೆ ಮಾತು ಕೊಡುವುದಕ್ಕೆ, ಅತಿಥಿಯ ಗೌರವಕ್ಕೆ ತಾಂಬೂಲ ಬೇಕು. ಆದರೆ ದೇವರಿಗೆ ಅರ್ಪಿಸುವ ತಾಂಬೂಲದಲ್ಲಿ ಹೊಗೆಸೊಪ್ಪು ಇದೆಯೇ? ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ತಾಂಬೂಲದ ಪದ್ಧತಿ ಅತಿ ಪ್ರಾಚೀನವಾದುದು. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ಹಡಗಿನಲ್ಲಿ ಬಂದದ್ದು. ಬಂದಮೇಲೆ ಹೊಸದುರ್ಗದ ಕರಾವಳಿಯ ಮರಳು ಗದ್ದೆಗಳಲ್ಲಿ ಬೆಳೆಯೂ ಆಯಿತು, ಹಿರಿಯರ ಬಾಯಿಗೆ ಅಭ್ಯಾಸವೂ ಆಯಿತು. ಅಭ್ಯಾಸ ಹಳೆಯದಾದ ಮಾತ್ರಕ್ಕೆ ಆಚಾರವಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಧೀನದಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದಿದೆ. ಹೊಗೆಸೊಪ್ಪು ಸೇರಿದ ವೀಳ್ಯ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅದು 1985ರಲ್ಲಿ ನಿರ್ಣಯಿಸಿತು. 2004ರಲ್ಲಿ ಪ್ರಕಟವಾದ ಇನ್ನೊಂದು ನಿರ್ಣಯ ಅಡಿಕೆ ಬೆಳೆಗಾರರಿಗೆ ಕಹಿಯಾದುದು: ಹೊಗೆಸೊಪ್ಪಿಲ್ಲದ ವೀಳ್ಯವೂ, ಅಡಿಕೆಯೂ ಅದೇ ಪಟ್ಟಿಗೆ ಸೇರಿದವು. ದೋಷ ಗುಟ್ಕಾದ್ದು, ಅಡಿಕೆಯದ್ದಲ್ಲ ಎಂಬ ವಾದ ಅಡಿಕೆ ಬೆಳೆಯುವ ಊರುಗಳಲ್ಲಿ ಕೇಳಿಬರುತ್ತದೆ. ಹೊಗೆಸೊಪ್ಪು ಸೇರಿದಾಗ ಅಪಾಯ ಬಹಳ ಹೆಚ್ಚುತ್ತದೆ ಎಂಬಷ್ಟರ ಮಟ್ಟಿಗೆ ಆ ವಾದ ಸರಿಯೇ. ಆದರೆ ತೈವಾನ್ ದ್ವೀಪದ ಜನರು ಹೊಗೆಸೊಪ್ಪು ಸೇರಿಸದೆಯೇ ವೀಳ್ಯ ಮೆಲ್ಲುವವರು. ಅಲ್ಲಿಯೂ ಬಾಯಿಯ ಕ್ಯಾನ್ಸರ್ ದೊಡ್ಡ ಪ್ರಮಾಣದಲ್ಲಿದೆ.

ಇದು ಹೇಗಾಗುತ್ತದೆ? ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸತ್ವವಿದೆ. ಮೆದ್ದಾಗ ಮೈ ಬೆಚ್ಚಗಾಗಿ ಹುರುಪು ಬರುವುದು ಇದರಿಂದಲೇ. ಬಿಡಲಾಗದ ಚಟವಾಗುವುದೂ ಇದರಿಂದಲೇ. ದಿನವೂ ಗಂಟೆಗಟ್ಟಲೆ ಅಡಿಕೆಯ ರಸ ಕೆನ್ನೆಯ ಒಳಪದರಕ್ಕೆ ತಾಗಿದರೆ ಅಲ್ಲಿ ನಾರಿನಂಥ ಅಂಗಾಂಶ ಬೆಳೆದು ಚರ್ಮ ಗಡುಸಾಗುತ್ತದೆ. ಖಾರ ತಾಗಿದರೆ ಉರಿ, ಆಮೇಲೆ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ. ಸುಣ್ಣದ ಕ್ಷಾರ ಸೇರಿದಾಗ ಜೀವಕೋಶಕ್ಕೆ ಹಾನಿ ಮಾಡುವ ವಸ್ತುಗಳು ಬೇಗ ಹುಟ್ಟುತ್ತವೆ. ಹೊಗೆಸೊಪ್ಪು ತನ್ನಲ್ಲಿರುವ ನೈಟ್ರೊಸಮೀನ್ ಎಂಬ ವಿಷಗಳನ್ನು ತರುತ್ತದೆ. ಮದ್ಯವೂ ಜೊತೆಗೂಡಿದರೆ ಅಪಾಯ ಕೂಡಿಕೆಯ ಲೆಕ್ಕದಲ್ಲಲ್ಲ, ಗುಣಾಕಾರದ ಲೆಕ್ಕದಲ್ಲಿ ಏರುತ್ತದೆ. ರಾತ್ರಿ ಕೆನ್ನೆಯಲ್ಲಿ ಹೊಗೆಸೊಪ್ಪು ಒತ್ತಿಟ್ಟುಕೊಂಡೇ ಮಲಗುವವರಿದ್ದಾರೆ. ಬಹುತೇಕ ಹುಣ್ಣು ಏಳುವುದು ಅದೇ ಜಾಗದಲ್ಲಿ.

2022ನೇ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಬಾಯಿಯ ಕ್ಯಾನ್ಸರ್ ತಗಲಿದವರು ಸುಮಾರು 3,89,800 ಮಂದಿ. ಅವರಲ್ಲಿ 1,20,200 ಮಂದಿಯ ರೋಗಕ್ಕೆ ಜಗಿಯುವ ತಂಬಾಕು ಅಥವಾ ಅಡಿಕೆ ಕಾರಣವೆಂದು ಲಿಯೋನಿನ ಅದೇ ಸಂಸ್ಥೆ ಲೆಕ್ಕ ಹಾಕಿತು. ಅದರಲ್ಲಿ ಭಾರತದ ಪಾಲು 83,400. ಬೀಡಿ ಸೇದುವ ಭಾರತೀಯ ಗಂಡಸಿನ ಆಯುಸ್ಸಿನಲ್ಲಿ ಸುಮಾರು 6 ವರ್ಷ, ಸಿಗರೇಟು ಸೇದುವವನಲ್ಲಿ ಸುಮಾರು 10 ವರ್ಷ ಕಡಿಮೆಯಾಗುತ್ತದೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೃದಯಾಘಾತ, ಕ್ಷಯ, ಉಬ್ಬಸಗಳೂ ಈ ಲೆಕ್ಕದೊಳಗೆ ಸೇರಿವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಅಡಿಕೆಗೆ ಹೋದ ದವಡೆಯೂ ಆನೆಯ ಬೆಲೆ ತೆತ್ತರೂ ಬಾರದು.

‘ಹಾಗಾದರೆ ತೋಟ ಕಡಿಯಬೇಕೆ? ಮಕ್ಕಳ ಓದು, ಮದುವೆ, ಈ ಬ್ರಹ್ಮಕಲಶದ ವಂತಿಗೆ ಎಲ್ಲವೂ ಬಂದದ್ದು ಅಡಿಕೆಯಿಂದಲೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಒಂದು ಬೆಳೆಯನ್ನು ನಂಬಿದ ಕುಟುಂಬಕ್ಕೆ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ದಾರಿ ಬದಲಿಸಿದವರ ಉದಾಹರಣೆ ಹತ್ತಿರದಲ್ಲೇ ಇದೆ. ಬೀಡಿ ಕಟ್ಟುವವರ ಬದುಕಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರಿ ಸಂಘ, ಬೀಡಿಗೆ ಗಿರಾಕಿ ಕಡಿಮೆಯಾದಾಗ ಆಹಾರ ಪದಾರ್ಥ, ಕೊಡೆಗಳ ತಯಾರಿಗೆ ತೊಡಗಿತು. ಅಡಿಕೆ ಬೆಳೆಗಾರರ ರಕ್ಷಣೆಗೆ 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ತೆರೆದು ಅಡಿಕೆಯ ನೆರಳಿನ ಕೊಕ್ಕೊಗೆ ಬೆಲೆ ತಂದಿತು. ಒಳ್ಳೆಮೆಣಸು, ತೆಂಗು, ಬಾಳೆ, ಹಾಳೆತಟ್ಟೆ ಎಲ್ಲವೂ ಅದೇ ತೋಟದವು. ಒಂದೇ ಕಂಬದ ಮೇಲೆ ಮಾಡು ಕಟ್ಟಬಾರದೆಂಬುದು ಬೇಸಾಯಗಾರನಿಗೆ ಹೊಸ ಪಾಠವಲ್ಲ. ಬೆಳೆಯುವುದು ಮತ್ತು ಮೆಲ್ಲುವುದು ಎರಡೂ ಒಂದೇ ಅಲ್ಲವೆಂಬುದನ್ನೂ ನೆನಪಿಡಬೇಕು. ತನ್ನ ಮನೆಯ ಮಕ್ಕಳು ಮೆಲ್ಲದಂತೆ ನೋಡಿಕೊಳ್ಳುವುದಕ್ಕೆ ಯಾವ ಬೆಳೆಗಾರನಿಗೂ ಅಡ್ಡಿಯಿಲ್ಲ. ಕೇರಳದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಯಿತು. ಕಾನೂನಿನ ಕಣ್ಣು ತಪ್ಪಿಸಿ ಅದು ಶಾಲೆಯ ದಾರಿಗೆ ಬಂದರೆ ತಡೆಯಬೇಕಾದದ್ದು ಮನೆ ಮತ್ತು ಊರು.

ಈಗ ಧೈರ್ಯದ ಮಾತು. ಬಾಯಿಯ ಕ್ಯಾನ್ಸರ್ ಕಣ್ಣಿಗೆ ಕಾಣುವ ಜಾಗದ ರೋಗ. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. 35 ವರ್ಷ ದಾಟಿದ 1,90,000ಕ್ಕೂ ಹೆಚ್ಚು ಜನರನ್ನು ಅದಕ್ಕೆ ಸೇರಿಸಿದರು. ಕೆಲವು ಪಂಚಾಯತುಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಜನರ ಬಾಯಿಯನ್ನು ಪರೀಕ್ಷಿಸಿದರು, ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಇದರಿಂದ ಸುಮಾರು ಮೂರನೇ ಒಂದರಷ್ಟು ಇಳಿಯಿತೆಂದು 2005ರಲ್ಲಿ ಪ್ರಕಟವಾಯಿತು. ದೊಡ್ಡ ಯಂತ್ರವಿಲ್ಲ, ಸೂಜಿಯಿಲ್ಲ. ನೋಡುವ ಕಣ್ಣು ಮತ್ತು ತೋರಿಸುವ ಮನಸ್ಸು ಇಷ್ಟೇ ಸಾಕಾಯಿತು.

ಆದುದರಿಂದ ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಬೇಕು. ತನ್ನದೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗುತ್ತದೆಯೇ? ಕೆನ್ನೆಯಲ್ಲಿ, ನಾಲಿಗೆಯ ಅಂಚಿನಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಮೂರು ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಸ್ವರದಲ್ಲಿ ಬದಲಾವಣೆ ಇದೆಯೇ? ಇದ್ದರೆ ಮದ್ದಿನ ಅಂಗಡಿಯ ಮುಲಾಮು ಹಚ್ಚಿ ಕಾಯುವುದು ಬೇಡ. ಆರಂಭದಲ್ಲಿ ನೋವಿಲ್ಲದಿರುವುದೇ ಈ ರೋಗದ ಮೋಸ. ಚಟ ಬಿಡುವುದಕ್ಕೆ ಪ್ರಾಯ ಮೀರಿತೆಂಬ ಮಾತೂ ಬೇಡ. ಬ್ರಿಟನ್ನಿನ ವೈದ್ಯರನ್ನು 50 ವರ್ಷ ಕಾಲ ಗಮನಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ, ಧೂಮಪಾನವನ್ನು 60ನೇ ವಯಸ್ಸಿನಲ್ಲಿ ಬಿಟ್ಟವನಿಗೂ ಸುಮಾರು 3 ವರ್ಷದ ಆಯುಸ್ಸು, 40ರಲ್ಲಿ ಬಿಟ್ಟವನಿಗೆ ಸುಮಾರು 9 ವರ್ಷದ ಆಯುಸ್ಸು ಮರಳಿ ಸಿಕ್ಕಿದೆ.

ತಡ ಮಾಡಬಾರದೆನ್ನಲು ಈ ಜಿಲ್ಲೆಗೆ ಇನ್ನೊಂದು ಕಾರಣವೂ ಇದೆ. ದೊಡ್ಡ ಕಾಯಿಲೆಗೆ ಇಲ್ಲಿಯವರು ತಲಪಾಡಿ ದಾಟಿ ಮಂಗಳೂರಿಗೋ, ಇಲ್ಲವೆ ದಕ್ಷಿಣಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೋ ಹೋಗುತ್ತ ಬಂದವರು. 2020ರ ಮಾರ್ಚಿನಲ್ಲಿ ಕೊರೊನಾ ಕಾಲದಲ್ಲಿ ಗಡಿಯ ರಸ್ತೆ ಮುಚ್ಚಿದಾಗ, ಮಂಗಳೂರನ್ನೇ ನೆಚ್ಚಿದ್ದ ಹಲವು ರೋಗಿಗಳು ದಾರಿ ಸಿಗದೆ ತೀರಿಕೊಂಡರು. ಆಸ್ಪತ್ರೆ ದೂರವಿರುವ ಊರಿನವರು ರೋಗವನ್ನು ಹತ್ತಿರದಲ್ಲೇ, ಬೇಗನೇ ಹಿಡಿಯುವುದನ್ನು ಕಲಿಯಬೇಕು. ಆಸ್ಪತ್ರೆ ಬೇಕೆಂದು ಕೇಳುವುದನ್ನೂ ನಿಲ್ಲಿಸಬಾರದು.

ಕೊನೆಯದಾಗಿ, ದೇವಸ್ಥಾನ ಏನು ಮಾಡಬಹುದು? ಉತ್ಸವದ ತಾಂಬೂಲದ ಹರಿವಾಣದಲ್ಲಿ ಹೊಗೆಸೊಪ್ಪು ಇಡುವುದಿಲ್ಲವೆಂದು ಸಮಿತಿ ನಿಶ್ಚಯಿಸಬಹುದು. ಜಾತ್ರೆಯ ಅಂಗಡಿಗಳಲ್ಲಿ ಬೀಡಿ, ಸಿಗರೇಟು, ಪೊಟ್ಟಣದ ಅಡಿಕೆ ಮಾರದಂತೆ ಕರಾರು ಮಾಡಬಹುದು. ಯಕ್ಷಗಾನದ ರಾತ್ರಿ ನಿದ್ದೆ ತಡೆಯಲು ಬೀಡಿಯ ಬದಲು ಕಷಾಯ ಹಂಚಬಹುದು. ವರ್ಷಕ್ಕೊಂದು ದಿನ ಇದೇ ಸಭಾಂಗಣದಲ್ಲಿ ದಂತವೈದ್ಯರನ್ನು ಕರೆಸಿ ಬಾಯಿ ಪರೀಕ್ಷೆಯ ಶಿಬಿರ ನಡೆಸಬಹುದು. ಗ್ರಾಮದಲ್ಲಿ ಯಾರಿಗೆ ಯಾವ ಕಾಯಿಲೆ ಬರುತ್ತಿದೆ ಎಂಬ ಲೆಕ್ಕವನ್ನು ಯುವಕ ಮಂಡಲದವರು ಹೆಸರು ಬಹಿರಂಗಪಡಿಸದೆ ಬರೆದಿಡಬಹುದು. ಪಡ್ರೆಯ ಕಥೆ ಲೋಕಕ್ಕೆ ತಿಳಿದದ್ದು ಒಬ್ಬ ವೈದ್ಯರು ಹೀಗೆ ಲೆಕ್ಕ ಬರೆದದ್ದರಿಂದ.

ಆಕಾಶದಿಂದ ಬಿದ್ದ ವಿಷವನ್ನು ನಿಲ್ಲಿಸಲು ಈ ಜಿಲ್ಲೆಯ ಸಾಮಾನ್ಯ ಜನರಿಗೆ ಇಪ್ಪತ್ತು ವರ್ಷ ಹಿಡಿಯಿತು. ಪತ್ರಿಕೆ ಬೇಕಾಯಿತು, ನ್ಯಾಯಾಲಯ ಬೇಕಾಯಿತು, ಜಿನೀವಾದ ಸಭೆಯೂ ಬೇಕಾಯಿತು. ಅಂಗೈಯಲ್ಲಿರುವ ವಿಷವನ್ನು ಕೆಳಗಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ತೀರ್ಥಕ್ಕೆ ಒಡ್ಡುವುದು ಕೂಡ ಅದೇ ಅಂಗೈ. ಶ್ರೀ ದೇವರ ಸನ್ನಿಧಿಯಲ್ಲಿ ಅಕಾಲಮೃತ್ಯು ಬಾರದಿರಲೆಂದು ಬೇಡುವ ಭಕ್ತರೆಲ್ಲರಿಗೂ, ಆ ಬೇಡಿಕೆಗೆ ತಕ್ಕಂತೆ ನಡೆಯುವ ಮನೋಬಲವನ್ನು ಭಗವಂತನು ಅನುಗ್ರಹಿಸಲಿ.